ಅವಳ ಫೋಟೊ ಇಳಿಸಿದವನು

ನವೆಂಬರ್ ೧೪, ಗುರುವಾರ

ಹಾಗಾದರೆ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಇವತ್ತೂ ಮಗಳ ಮೇಲೆ ರೇಗಿದೆ. ತೀರಿಹೋದ ನನ್ನವಳ ನಗುಮುಖವನ್ನು ಯಾರೋ ಕದ್ದು ಮಂಡಿನೋವಿನ ಎಣ್ಣೆಯ ಜಾಹೀರಾತಿಗೆ ಅಂಟಿಸಿದ್ದಾರೆ. ವೆಬ್‌ಸೈಟಿಗೆ ಹೆಸರು ಕೊಟ್ಟ ಕಂಪನಿ, ಅದನ್ನಿಡಲು ಸರ್ವರಿನಲ್ಲಿ ಜಾಗ ಕೊಟ್ಟವರನ್ನು ಕೇಳಿ ಎನ್ನುತ್ತದೆ. ಜಾಗ ಕೊಟ್ಟವನು ಬೇರೆ ದೇಶದವನು, ನಮ್ಮ ಕಾನೂನು ಅವನಿಗೆ ತಾಗುವುದಿಲ್ಲ.

"ಅಪ್ಪಾ, ಇಂಟರ್ನೆಟ್ಟಿಗೆ ಯಜಮಾನ ಅಂತ ಯಾರೂ ಇಲ್ಲ. ಹತ್ತಿ ದಂಡ ಹಾಕೋಕೆ ಅದೇನು ನಿನ್ನ ಬಸ್ಸಾ?"

ಜೀವನವೆಲ್ಲ ಟಿಕೆಟ್ ತಪಾಸಣೆ ಮಾಡಿದವನಿಗೆ ಮಾತು ಚುಚ್ಚಿತು. ಕಾಲೇಜಿನ ಇಂಗ್ಲಿಷ್ ಕೆದಕಿ, 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ, ಸೆಕ್ಷನ್ ಹೇಳಿ ಗದರಿಸಿ ಆ ಜಾಗ ಕೊಟ್ಟವನಿಗೆ ಬರೆದಿದ್ದಕ್ಕೆಲ್ಲ ಉತ್ತರವೇ ಇರಲಿಲ್ಲ. ನಿನ್ನೆ ಮಾತ್ರ, 'ದಿಸ್ ಈಸ್ ಮೈ ವೈಫ್. ಶೀ ಹ್ಯಾಡ್ ನೋ ನೀ ಪೇನ್' ಎಂದಷ್ಟೇ ಬರೆದು ಕಳಿಸಿದ್ದೆ.

ಮಧ್ಯಾಹ್ನ ಅವನ ಉತ್ತರ ಬಂತು. ತನ್ನನ್ನು ಯಾರೂ ಬಲವಂತ ಮಾಡಲಾರರಂತೆ, ಆದರೂ ತೆಗೆದಿದ್ದಾನಂತೆ. ಆ ನಗು ನೋಡಿ ಅವನ ತಾಯಿಯ ನೆನಪಾಯಿತಂತೆ.

"ನೋಡಪ್ಪಾ, ದಂಡ ಹಾಕದೇನೇ ಇಳಿದ!" ಎಂದು ಮಗಳು ನಕ್ಕಳು.

ಇನ್ನೂ ಎರಡು ಕಡೆ ಅದೇ ಫೋಟೊ ಇದೆ. ಅವರು ಕೇಳುತ್ತಾರೋ ಬಿಡುತ್ತಾರೋ, ಆದರೆ ಅವರೂ ಯಾವುದೋ ತಾಯಿಯ ಮಕ್ಕಳೇ ತಾನೆ. ಈಗಲೇ ಬರೆಯೋಣವೆಂದರೆ ಕಿಟಕಿಯ ಬೆಳಕು ಜಾರುತ್ತಿದೆ, ಅಕ್ಷರ ಕಾಣುತ್ತಿಲ್ಲ. ಎದ್ದು ದೀಪ ಹಾಕಬೇಕು, ನನ್ನ ಈ ಹಾಳು ಮಂಡಿನೋವು ಬಿಟ್ಟರೆ.