ತಮ್ಮ ಏರಿಸಿದ ಸಾಲು

ಮಾರ್ಚ್ ೧೪, ಗುರುವಾರ

ಇವತ್ತು ಒಂದು ಮಾತು ಕೊಟ್ಟುಬಿಟ್ಟೆ, ಉಳಿಸಿಕೊಳ್ಳುವುದು ಹೇಗೋ ತಿಳಿಯುತ್ತಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ತಮ್ಮನ ಮೆಚ್ಚಿನ ಗಾಯಕರ ಆ ಹಾಡನ್ನೇ ಗುನುಗುತ್ತಿದ್ದೆ. ತಮ್ಮ ಇದ್ದಾಗ ಹಾಡುತ್ತಿದ್ದ ಹಾಗೆ, ಕೊನೆಯ ಸಾಲನ್ನು ಇಳಿಸುವ ಬದಲು ಏರಿಸಿ. ಅವನು ಹಾಗೆ ಏರಿಸಿದಾಗೆಲ್ಲ ಅಮ್ಮ, "ಬಂದ ನೋಡು ಅಪಸ್ವರದ ಸರದಾರ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ನಾನು ಹಾಡಿದ್ದು ಹಾಗಲ್ವಲ್ಲಮ್ಮ!"

ತಲೆ ಎತ್ತಿದರೆ ಬಾಗಿಲಲ್ಲಿ ಆ ಗಾಯಕರೇ! ತಮ್ಮನ ಪಾಲಿನ ದೇವರು. ರಾತ್ರಿಯ ಕಾರ್ಯಕ್ರಮಕ್ಕೆ ತೊಡುವ ಕೋಟಿನ ತೋಳು ಬಿಚ್ಚಿಕೊಂಡಿತ್ತಂತೆ. ಯಂತ್ರ ನಿಲ್ಲಿಸಿ ಎದ್ದು ನಿಂತೆ.

"ನನ್ನ ತಮ್ಮನ ಧಾಟಿ ಸರ್. ತಪ್ಪು ಅಂತ ಗೊತ್ತು."

"ಇನ್ನೊಂದ್ಸಲ ಹಾಡಿ."

ಹಾಡಿದೆ. ಅವರು ಸ್ಟೂಲಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ತಾವೂ ಏರಿಸಿ ನೋಡಿದರು.

"ಅಯ್ಯೋ, ಇಷ್ಟು ವರ್ಷ ನಂಗಿದು ಹೊಳೀಲೇ ಇಲ್ವಲ್ಲ! ಇವತ್ತು ಹೀಗೇ ಹಾಡ್ತೀನಿ. ನಿಮ್ಮ ತಮ್ಮಂಗೆ ಹೇಳಿ, ಅವ್ರಿಂದ ಕಲಿತೆ ಅಂತ."

ಅವನು ತೀರಿಕೊಂಡ ಸುದ್ದಿ ಬಾಯಿಗೆ ಬರಲಿಲ್ಲ. "ಹೇಳ್ತೀನಿ ಸರ್" ಎಂದೆ. ಎದೆ ಎಷ್ಟು ಉಬ್ಬಿತ್ತೆಂದರೆ, ಕೋಟಿನ ತೋಳಿಗೆ ಎರಡೆರಡು ಹೊಲಿಗೆ ಹಾಕಿಕೊಟ್ಟೆ.

ಕೇಳಿಸಿತೇನೋ? ನಿನ್ನಿಂದ ಕಲಿತರಂತೆ ಕಣೋ. ಈ ಹೊತ್ತಿಗೆ ತುಂಬಿದ ಸಭೆಯ ಎದುರು ನಿನ್ನ ಸಾಲು ಏರುತ್ತಿರಬಹುದು. ಇನ್ನು ಯಾರು ಅಪಸ್ವರ ಅಂತಾರೋ ನಾನೂ ನೋಡ್ತೀನಿ...