ಇಲಿಮರಿಯ ಬೆಳ್ಳಿ

ದರ್ಬೆ, 4 ಜೂನ್ 1962, ಬೆಳಿಗ್ಗೆ

ಮತ್ತೆ ದೋಸೆ ಕರಟಿತು. ಹೂ ಕೇರ್ಸ್! ಮದುವೆಯಾಗಿ ಎರಡೇ ತಿಂಗಳು, ಆಗಲೇ ನಾನು ನನ್ನ ಡಾಕ್ಟರರ ರಿಸರ್ಚ್ ಅಸಿಸ್ಟೆಂಟ್! ತೂಕ ಕಡಿಮೆಯಿರುವ ಕೂಸುಗಳ ಮೇಲೆ ಇವರ ಸ್ಟಡಿ. ಒಂದಕ್ಕೆ ಮೊಲೆಯೂಡಿಸಿದ ಮೇಲೆ ಚಮಚದಲ್ಲೂ ತಾಯಿಯ ಹಾಲು, ಮುಂದಿನದಕ್ಕೆ ಎಂದಿನಂತೆ ಮೊಲೆಹಾಲು ಮಾತ್ರ. ಯಾವುದು ಬೇಗ ತುಂಬಿಕೊಳ್ಳುತ್ತದೆ? ಗಂಡಸಿನ ಕೈಗೆ ಮಗು ಕೊಡಲು ಬಾಣಂತಿಯರಿಗೆ ನಾಚಿಕೆ. ಹಾಗಾಗಿ ತೂಗುವವಳು ನಾನು. ರಾಮಕುಂಜದ ಚೆನ್ನುವಿನ ಹೆಣ್ಣುಕೂಸು — ಇಲಿಮರಿ, ಡಾರ್ಲಿಂಗ್! — 'ಎಂದಿನಂತೆ' ಗುಂಪಿಗೆ.

18 ಜೂನ್

ವಂಡರ್‌ಫುಲ್! ಇಲಿಮರಿ ನಾಲ್ಕು ಔನ್ಸ್ ಏರಿದೆ. ಚಮಚದ ಕೂಸುಗಳನ್ನೇ ಮೀರಿಸಿತು. ಇವರು ಮಂಕಾದರು. "ಚಮಚವೇ ಬೇಡವೋ ಎಂತದೋ..." ನಾನು ಮುದ್ದಿಸಿದ್ದರಿಂದ ಬೆಳೆದದ್ದು ಅಂದೆ. ನಕ್ಕು ಜಡೆ ಎಳೆದರು.

19 ಜೂನ್, ಮಧ್ಯಾಹ್ನ

ತೂಕ ಏರಿದ ಮಗುವಿನ ಕೆನ್ನೆ ಯಾಕೆ ಒಳಗೆ ಹೋಗಿದೆ? ಅತ್ತೆಯನ್ನು ಕೇಳಿದೆ.

"ತೊಟ್ಟಿಲಿಗೆ ಹಾಕುವ ಶಾಸ್ತ್ರ ಆಯ್ತಲ್ಲ? ಸೋದರಮಾವ ಬೆಳ್ಳಿ ಹಾಕಿರ್ತಾನೆ ಮಾರಾಯ್ತಿ. ಅದನ್ನೂ ತೂಗಿದ್ದಾ?"

ಸೊಂಟಪಟ್ಟಿ, ಕಾಲ್ಕಡಗ, ಬಳೆ... ಅಂಗಿಯೊಳಗೆ ಝಣ್ ಅಂದಿತ್ತು, ಎಷ್ಟು ಸ್ವೀಟ್ ಅಂದುಕೊಂಡಿದ್ದೆ! ಓ ಗಾಡ್. ಏರಿದ್ದು ಬೆಳ್ಳಿ. ಹಾಗಾದರೆ ಮಗು?

20 ಜೂನ್

ಡ್ರೈವರ್ ಅದ್ರಾಮನ ಜೀಪಿನಲ್ಲಿ ಇಬ್ಬರೂ ರಾಮಕುಂಜಕ್ಕೆ. ಚೆನ್ನುವಿನ ತಾಯಿ ಅಪ್ಪಿ ಬಾಗಿಲಿಗೇ ಅಡ್ಡ ನಿಂತಳು.

"ಬೆಳ್ಳಿ ತೆಗೆಯುದಾ? ದೃಷ್ಟಿ ಬಿದ್ರೆ? ನಿಮ್ಮ ಕರಿಮಣಿ ತೆಗೀರಿ ಅಂದ್ರೆ ತೆಗೀತೀರಾ ಅಮ್ಮ?"

"ದೃಷ್ಟಿ ನನಗೇ ಬೀಳಲಿ!"

ಅಪ್ಪಿ ಯೋಚಿಸಿದಳು. "ಹಾಗಾದ್ರೆ ಇದನ್ನು ನೀವು ಹಾಕ್ಕೊಳ್ಳಿ."

ಸೊಂಟಪಟ್ಟಿ ನನ್ನ ಮಣಿಕಟ್ಟಿಗೆ. ದೃಷ್ಟಿಗೆಂದು ನನ್ನ ಕೆನ್ನೆಗೆ ರೂಪಾಯಿಯಗಲ ಕಾಡಿಗೆ. ಇವರು ಕೆಮ್ಮುವ ನೆಪದಲ್ಲಿ ಹೊರಗೆ ಓಡಿದರು.

ತಕ್ಕಡಿಯ ಮುಳ್ಳು... ಹುಟ್ಟಿದಾಗಿನದಕ್ಕಿಂತ ಕೆಳಗೆ. ಇವರ ನಗು ನಿಂತಿತು. "ಗುಂಪು ಗಿಂಪು ಸಾಯಲಿ. ಚಮಚ ತೆಗಿ." ತಾಯಿ, ಮಗು, ಅಜ್ಜಿ — ಎಲ್ಲ ಜೀಪಿನಲ್ಲಿ ನಮ್ಮ ವಾರ್ಡಿಗೆ.

4 ಜುಲೈ, ಸಂಜೆ

ಬರೆಯಲು ಪುರುಸೊತ್ತೇ ಇರಲಿಲ್ಲ. ಚೆನ್ನು ಹಾಲು ಹಿಂಡುವುದು, ನಾನು ಚಮಚ ಹಿಡಿಯುವುದು, ಅಪ್ಪಿ ನನಗೆ ಕಾಡಿಗೆ ಬಳಿಯುವುದು. ಅದ್ರಾಮ ಮೆಲ್ಲ ಕೇಳಿದ, "ಎಂತ ಅಕ್ಕ, ಡಾಕ್ಟ್ರು ಹೊಡೆದ್ರಾ?"

ಇವತ್ತು ತೂಕ. ಬೆಳ್ಳಿ ನನ್ನ ಕೈಯಲ್ಲಿ. ಚೆನ್ನು ಕಣ್ಣು ಮುಚ್ಚಿಕೊಂಡಳು. ಮುಳ್ಳು ನಡುಗಿತು, ಏರಿತು, ಇನ್ನೂ ಏರಿತು... ಬೆಳ್ಳಿಯಲ್ಲ, ಬರೀ ಮಗು! ಕುಣಿದುಬಿಟ್ಟೆ.

ಎಲ್ಲರೂ ಆಚೆ ಹೋದ ಮೇಲೆ ಇವರು ನನ್ನ ಕೆನ್ನೆಗೆ... ಅದೇ ಕೆನ್ನೆಗೆ! ಈಗ ಇವರ ಮೂಗು ಕಪ್ಪು. ಹೊರಗೆ ರೋಗಿಗಳ ಸಾಲು. ಇವರಿಗೆ ಹೇಳಬೇಕು, ಹೇಳಬೇಕು, ಆದರೆ — ಅಯ್ಯೋ, ಅದು ಅದ್ರಾಮನ ನಗು —