ಹತ್ತು ಹನ್ನೆರಡರ ಕೋಣೆಗೆ ಎರಡೂವರೆ ಟನ್

ನೈಫ್, ದುಬೈ
ಶುಕ್ರವಾರ, 4-9-1998

ಪ್ರೀತಿಯ ಪ್ರಫುಲ್ಲಾ,

ಹನ್ನೊಂದು ತಿಂಗಳ ಮೇಲೆ ನನ್ನ ಅಕ್ಷರ ನೋಡಿ ಕಾಗದ ಹರಿದುಹಾಕಬೇಕು ಎನಿಸಬಹುದು. ಓದಿ ಹರಿ. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳುವ ಮುಖವೂ ನನಗಿಲ್ಲ.

ಮೊನ್ನೆ ನಿನ್ನ ಅಣ್ಣ ಸರ್ವೋತ್ತಮ ಫೋನ್ ಮಾಡಿದ್ದರು. ಕಾಪುವಿನಲ್ಲಿ ಮಳೆ ಬಿಡದಿದ್ದರೂ ನೀನು ಒಂದು ಒದ್ದೆ ಟವೆಲನ್ನೂ ಮನೆಯೊಳಗೆ ತರಲು ಬಿಡುವುದಿಲ್ಲವಂತೆ. ಅತ್ತಿಗೆ ಅಡುಗೆಮನೆಯಲ್ಲಿ ಒಣಹಾಕಿದ್ದ ತನ್ನ ಮಗುವಿನ ಅಂಗಿಗಳನ್ನು ಕಿತ್ತು ಅಂಗಳಕ್ಕೆ ಎಸೆದೆಯಂತೆ. ಭಾವ, ಅವಳಿಗೆ ಎಂತಾಗಿದೆ ಎಂದು ಕೇಳಿದರು. ಎಂತಾಗಿದೆ ಎಂದು ನನಗೆ ಗೊತ್ತು, ಅದಕ್ಕೇ ಈ ಕಾಗದ.

ನಮ್ಮ ಮಗು ದೀಕ್ಷಿತಾ ತೀರಿಹೋದ ಮೇಲೆ ಅವಳ ಮಂಚದ ಹಿಂದಿನ ಗೋಡೆಯ ಬೂಷ್ಟನ್ನು ಕೆರೆದು ನಾನೇ ಪೇಂಟ್ ಹೊಡೆದಿದ್ದೆ. ನೀನು ಊರಿಗೆ ಹೋದಂದಿನಿಂದ ಈ ಕೋಣೆಯಲ್ಲಿ ಬಟ್ಟೆಯ ಹಗ್ಗವಿಲ್ಲ, ಒಂದು ಕರವಸ್ತ್ರವೂ ಇಲ್ಲಿ ಒಣಗಿಲ್ಲ. ನನ್ನ ಬಟ್ಟೆಯೆಲ್ಲ ಲಾಂಡ್ರಿಗೆ, ಊಟ ಕೆಫೆಟೇರಿಯಾದಲ್ಲಿ. ಆದರೂ ಈ ಆಗಸ್ಟಿನಲ್ಲಿ ಅದೇ ಜಾಗದಲ್ಲಿ ಅದೇ ಕಪ್ಪು ಎದ್ದು ಬಂತು. ಅಂಗೈಯಷ್ಟಿದ್ದದ್ದು ಈಗ ಮೊರದಷ್ಟಾಗಿದೆ.

ಇವತ್ತು ರಜೆ. ಬೆಳಿಗ್ಗೆ ಟೇಪು ಹಿಡಿದು ಕೋಣೆ ಅಳೆದೆ. ಹತ್ತಡಿ, ಹನ್ನೆರಡಡಿ. ಕಂಡವರ ಕೋಣೆ ಅಳೆದು ಎಷ್ಟು ಟನ್ನಿನ ಎ.ಸಿ. ಬೇಕೆಂದು ಹೇಳುವುದೇ ಹೊಟ್ಟೆಪಾಡಾದ ಮನುಷ್ಯ, ತನ್ನ ಕೋಣೆಗೆ ಟೇಪು ಹಿಡಿದದ್ದು ಇದೇ ಮೊದಲು! ಒಂದು ಟನ್ ಸಾಕಿತ್ತು. ಮುಚ್ಚಿದ ಶೋರೂಮಿನಿಂದ ಪುಕ್ಕಟೆ ಸಿಕ್ಕಿತೆಂದು ಎರಡೂವರೆ ಟನ್ನಿನದನ್ನು ತಂದು ಹಾಕಿಸಿದೆ, ಈಗಲೂ ಅದೇ ಓಡುತ್ತಿದೆ. ಆವತ್ತು ಕಟ್ಟಡದವರನ್ನೆಲ್ಲ ಕರೆದು, ನಮ್ಮ ಮನೆ ಹೋಟೆಲಿನ ಹಾಗೆ ತಣ್ಣಗಿದೆ ನೋಡಿ ಎಂದೆ.

ಎ.ಸಿ. ಎಂದರೆ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುವ ಪಂಪು, ಅಷ್ಟೇ. ಅಳತೆಗೆ ತಕ್ಕದ್ದಾದರೆ ಅದು ನಿಧಾನಕ್ಕೆ ಓಡುತ್ತಲೇ ಇರುತ್ತದೆ, ಗಾಳಿಯ ಪಸೆಯನ್ನೂ ನೀರಾಗಿಸಿ ಹೊರಗೆ ಬಿಡುತ್ತದೆ. ನಮ್ಮದು ಐದು ನಿಮಿಷದಲ್ಲಿ ಕೋಣೆಯನ್ನು ಕೊರೆಯುವಷ್ಟು ತಣಿಸಿ ನಿಂತುಬಿಡುತ್ತಿತ್ತು. ಪಸೆ ಅಲ್ಲೇ ಉಳಿದು ತಣ್ಣಗಿನ ಗೋಡೆಯ ಮೇಲೆ ಕೂರುತ್ತಿತ್ತು. ಅದರ ಪಕ್ಕದಲ್ಲೇ ಮಗು ಮಲಗುತ್ತಿದ್ದಳು.

ಅವಳಿಗೆ ಉಸಿರು ಕಟ್ಟಿ ಕ್ಲಿನಿಕ್ಕಿಗೆ ಓಡಿದ ದಿನ, ಮನೆಯಲ್ಲಿ ಪಸೆ ಇದೆಯೇ ಎಂದು ಡಾಕ್ಟರು ಕೇಳಿದರು. ಇವಳು ಮಗು ಮಲಗುವಲ್ಲೇ ಬಟ್ಟೆ ಒಣಹಾಕುತ್ತಾಳೆ ಎಂದೆ ನಾನು. ನೀನು ತಲೆ ತಗ್ಗಿಸಿದೆ. ಆಮೇಲೆ ನೀನು ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ. ಊರಿನಲ್ಲಿ ನೆಂಟರೆದುರು ನನ್ನ ಅಮ್ಮ, ನಿನ್ನ ಒದ್ದೆ ಬಟ್ಟೆಯಿಂದಲೇ ಮಗು ಹೋಯಿತು ಎಂದು ನಿನಗೆ ಹೇಳಿದ ಮಾತೂ ಅವರದಲ್ಲ, ಫೋನಿನಲ್ಲಿ ನಾನು ಹೇಳಿಕೊಟ್ಟದ್ದು.

ಪ್ರಫುಲ್ಲಾ, ನಿನ್ನ ಬಟ್ಟೆಯಿಂದ ಏನೂ ಆದದ್ದಲ್ಲ. ನನ್ನ ಯಂತ್ರದಿಂದ ಆದದ್ದು. ಆಗ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಕಿಸುತ್ತಿದ್ದೆನೇ? ಈ ಕಾಗದವನ್ನು ಸರ್ವೋತ್ತಮರಿಗೆ ಕೊಡು, ಅಮ್ಮನ ಎದುರು ಗಟ್ಟಿಯಾಗಿ ಓದಲಿ. ನೀನು ಮಳೆಗಾಲದಲ್ಲಿ ಬಟ್ಟೆಯನ್ನು ಒಳಗೇ ಒಣಹಾಕು. ನನಗೆ ಉತ್ತರ ಬರೆಯದಿದ್ದರೂ ಅಷ್ಟು ಮಾಡು.

ಇಂತು ಬರೆಯಲು ತಡಮಾಡಿದ
ಧರ್ಮಪಾಲ

ಮರೆತದ್ದಲ್ಲ, ಬಿಟ್ಟದ್ದು: ಗೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಎ.ಸಿ. ಹಾಕಲು ಬಂದ ಹಸನಬ್ಬ ಏಣಿ ಹತ್ತುವ ಮೊದಲೇ ಹೇಳಿದ್ದ, ಸಾರ್, ಈ ಕೋಣೆಗೆ ಇದು ಬೇಡ, ಗೋಡೆಯಲ್ಲಿ ನೀರಿಳಿಯುತ್ತದೆ, ಸಣ್ಣ ಮಗು ಇದೆ ಎಂದು. ನೀನು ಒಳಗೆ ಅವನಿಗೆ ಚಹಾ ಮಾಡುತ್ತಿದ್ದೆ, ನಿನಗೆ ಕೇಳಲಿಲ್ಲ. ನಾನು ನಕ್ಕು, ಯಲ್ಲಾ, ಬೇಗ ಏಣಿ ಹತ್ತು ಎಂದೆ. ಡಾಕ್ಟರ ಎದುರು ನಿನ್ನ ಬಟ್ಟೆಯ ಮಾತು ಎತ್ತಿದಾಗ ಅವನ ಮಾತು ನನಗೆ ಚೆನ್ನಾಗಿ ನೆನಪಿತ್ತು.